ಮಹರಾಯನ ಭಯ

ಅಪ್ಪನ ದನಿ ಕೃಪಾಗೆ ಎರಡು ಕಡೆಯಿಂದ ಕೇಳಿಸುತ್ತಿತ್ತು. ಮುಚ್ಚಿದ ಕೋಣೆಯ ಒಳಗಿನಿಂದ ಒಂದು ಸಲ, ಅಡುಗೆಕಟ್ಟೆಯ ಮೇಲಿಟ್ಟ ಫೋನಿನಿಂದ ಕ್ಷಣ ತಡವಾಗಿ ಇನ್ನೊಂದು ಸಲ. ಕೆಮ್ಮು ಬಂದರೆ ಅದೂ ಎರಡು ಸಲ.

ಮೈಸೂರಿನಲ್ಲಿ ರಷ್ಯನ್ ಭಾಷೆ ಕಲಿಸಿ ನಿವೃತ್ತರಾದ ಉಮಾಶಂಕರ್ ಮಗಳನ್ನು ನೋಡಿಕೊಂಡು ಹೋಗಲೆಂದು ಜಪಾನಿನ ಇಚಿಕಾವಾಗೆ ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದಿದ್ದರು. ಒಂದೂವರೆ ವರ್ಷ ಜೋಪಾನವಾಗಿದ್ದವರಿಗೆ ಈ ಆಗಸ್ಟಿನಲ್ಲಿ ಕೊರೋನಾ ಬಂದೇಬಿಟ್ಟಿತು. ಆಸ್ಪತ್ರೆಗಳಲ್ಲಿ ಜಾಗವಿರಲಿಲ್ಲ. ಮನೆಯಲ್ಲೇ ಇರಲಿ, ಉಸಿರಾಟ ಗಮನಿಸುತ್ತಿರಿ ಎಂದು ಆರೋಗ್ಯ ಕೇಂದ್ರದವರು ಫೋನಿನಲ್ಲಿ ತುಂಬ ಮರ್ಯಾದೆಯಿಂದ ಹೇಳಿ, ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಪುಟ್ಟ ಯಂತ್ರವೊಂದನ್ನು ಕಳಿಸಿದ್ದರು. ಗಂಡ ಧೀರಜ್ ಆಫೀಸಿನ ಕೆಲಸಕ್ಕೆ ನಗೋಯಾಗೆ ಹೋಗಿದ್ದ. ಈಗ ಬರಬೇಡ ಎಂದು ಅವಳೇ ತಡೆದಿದ್ದಳು.

"ಅಪ್ಪ, ಇವತ್ತು ಬೇಡ. ಇನ್ನೊಂದ್ ದಿನ ಇಟ್ಕೊಳ್ಳಿ ಅಂತ ಅಹಲ್ಯಾ ಆಂಟಿಗೆ ನಾನೇ ಹೇಳ್ತೀನಿ," ಎಂದು ಬೆಳಿಗ್ಗೆ ಬಾಗಿಲ ಹೊರಗೆ ನಿಂತು ಹೇಳಿದ್ದಳು.

"ಕೂತ್ಕೊಂಡು ಮಾತಾಡೋದಕ್ಕೇನಮ್ಮ? ತೊಂಬತ್ತಾರು ತೋರಿಸ್ತಿದೆ. ನಿನ್ನೆನೂ ತೊಂಬತ್ತಾರೇ."

ಅಹಲ್ಯಾ ಮೈಸೂರಿನ ಓದುಗರ ಕೂಟವೊಂದನ್ನು ನಡೆಸುವವರು. ಅಪ್ಪ ಜೀವನವಿಡೀ ಓದಿದ ಹಳೆಯ ರಷ್ಯನ್ ಲೇಖಕನ ಬಗ್ಗೆ ಝೂಮ್‌ನಲ್ಲಿ ಮಾತಾಡಬೇಕೆಂದು ಕೇಳಿಕೊಂಡಿದ್ದರು. ಮನೆಯಲ್ಲಿ ಆ ಲೇಖಕನಿಗೆ ಹೆಸರೇ ಇರಲಿಲ್ಲ. 'ನಮ್ಮ ಮಹರಾಯ', ಅಷ್ಟೇ. ಚಿಕ್ಕವಳಿದ್ದಾಗ ಕೃಪಾ ಅವನನ್ನು ಯಾರೋ ದೂರದೂರಿನ ಚಿಕ್ಕಪ್ಪ ಅಂದುಕೊಂಡಿದ್ದಳು.

ಅಪ್ಪ ಹುರುಪಿನಿಂದಲೇ ಶುರುಮಾಡಿದ್ದರು. "ನಮ್ಮ ಮಹರಾಯ ನಿಂತ್ಕೊಂಡೇ ಬರೀತಿದ್ದ. ಊಟಕ್ಕೆ ಕೂತರೆ ಬ್ರೆಡ್ಡನ್ನ ಚೂರು ಚೂರು ಕಿತ್ತು ಗೋಲಿ ಮಾಡಿ, ಪಕ್ಕದೋರ ಲೋಟದೊಳಗೆ ಹಾಕೋನು."

ಯಾರೋ ನಕ್ಕರು. ಅಪ್ಪನೂ ನಗಲು ಹೋಗಿ ಕೆಮ್ಮಿ, ನೀರು ಕುಡಿದರು. ಮುಂದಿನ ಮಾತು ತಡವಾಗಿ ಬಂತು. ಅಪ್ಪ ಉದ್ದುದ್ದ ವಾಕ್ಯಗಳ ಮನುಷ್ಯ. ಕ್ರಿಯಾಪದ ಸಿಗುವಷ್ಟರಲ್ಲಿ ಕಾಫಿ ಆರುತ್ತದೆ ಎಂದು ಅಮ್ಮ ಇದ್ದಾಗ ರೇಗಿಸುತ್ತಿದ್ದಳು. ಈಗ ಎರಡು ಪದಕ್ಕೊಮ್ಮೆ ನಿಲ್ಲುತ್ತಿದ್ದರು. ಮೈಸೂರಿನಲ್ಲಿ ಕೇಳುತ್ತ ಕೂತವರಿಗೆ ಅದು ಭಾಷಣದ ಸೊಗಸಿನಂತೆ ಕಂಡಿರಬೇಕು.

'ಅಪ್ಪ, ಸಾಕು' ಎಂದು ಕೃಪಾ ಫೋನಿನಿಂದ ಮೆಸೇಜ್ ಕಳಿಸಿದಳು. ಫೋನಿನ ಪರದೆಯಲ್ಲಿ ಅಪ್ಪನ ಕಣ್ಣು ಪಕ್ಕಕ್ಕೆ ಹೊರಳಿತು. "ಇನ್ನೊಂಚೂರು," ಎಂದರು, ಯಾರಿಗೆಂದು ಹೇಳದೆ.

"ವರ್ಷಗಟ್ಟಲೆ ಬರೆದದ್ದನ್ನ... ಬೆಂಕಿಗೆ ಹಾಕ್ದ. ಆಮೇಲೆ... ಕೂತು ಅತ್ತ. ಊಟ ಬಿಟ್ಟ. ಡಾಕ್ಟರುಗಳು ಬಂದು... ಮೂಗಿಗೆ ಜಿಗಣೆ ಹಚ್ಚಿದ್ರು. ಅವನ ಭಯ ಅದಲ್ಲ. ಜೀವ ಇರೋವಾಗ್ಲೇ... ಸತ್ತ ಅಂದ್ಕೊಂಡು... ಹೂತ್ಬಿಟ್ರೆ ಅಂತ. ಚೆನ್ನಾಗಿ ನೋಡಿ, ಆಮೇಲೆ..."

ಅಲ್ಲಿಗೆ ನಿಂತರು. ಬಾಯಿ ಅರ್ಧ ತೆರೆದಿತ್ತು. ಕಣ್ಣು ಎಲ್ಲೋ ನೆಟ್ಟಿತ್ತು.

"ಸರ್ ಫ್ರೀಜ್ ಆದ್ರು ಅನ್ಸತ್ತೆ," ಎಂದರು ಯಾರೋ.

"ಜಪಾನಲ್ಲೂ ನೆಟ್ ಪ್ರಾಬ್ಲಮ್ಮಾ?"

"ಇರಲಿ, ವೇಟ್ ಮಾಡೋಣ. ಬರ್ತಾರೆ," ಎಂದರು ಅಹಲ್ಯಾ.

ಕೃಪಾ ಕೂಡ ಒಂದು ಉಸಿರಿನಷ್ಟು ಹೊತ್ತು ಅದನ್ನೇ ನಂಬಿದಳು. ಆಮೇಲೆ ಕಂಡಿತು. ಅಪ್ಪನ ಬೆನ್ನ ಹಿಂದೆ, ಏಸಿಯ ಗಾಳಿಗೆ, ಕಿಟಕಿಯ ಕರ್ಟನ್ ಅಲುಗುತ್ತಿತ್ತು.

ತೆರೆಯಬಾರದ ಬಾಗಿಲನ್ನು ತೆರೆದು ಒಳಗೆ ನುಗ್ಗಿದಳು. "ಅಪ್ಪ. ಅಪ್ಪ, ಇಲ್ನೋಡು." ಭುಜ ಹಿಡಿದು ಅಲುಗಿಸಿದಳು. ತುಟಿ ನೀಲಿಗಟ್ಟಿತ್ತು. ಕ್ಯಾಮೆರಾದಲ್ಲಿ ಅದು ತಿಳಿದಿರಲಿಲ್ಲ. ಎದೆ ಮಾತ್ರ ಬೇಗ ಬೇಗ ಏರಿ ಇಳಿಯುತ್ತಿತ್ತು. ಯಂತ್ರಕ್ಕಾಗಿ ಮೇಜಿನ ಮೇಲೆ ತಡಕಾಡಿದಳು. ಅದು ಕಳಿಸಿದ ಕವರಿನೊಳಗೇ ಇತ್ತು, ಅಂಟು ಕೂಡ ಬಿಚ್ಚಿರಲಿಲ್ಲ.

ಹಲ್ಲಿನಿಂದ ಕವರು ಹರಿದು, ಬ್ಯಾಟರಿ ತುರುಕಿ, ಬೆರಳಿಗೆ ಸಿಕ್ಕಿಸಿದಳು. ಎಂಬತ್ತೊಂದು.

ಅಪ್ಪನ ಕಣ್ಣು ನಿಧಾನಕ್ಕೆ ಅವಳತ್ತ ತಿರುಗಿತು. "ನಿಜ ಹೇಳಿದ್ರೆ... ಮಾತಾಡಕ್ಕೆ ಬಿಡ್ತಿದ್ಯಾ?"

ಅವಳು ಆಗಲೇ ಫೋನ್ ತೆಗೆದಿದ್ದಳು. ಆಂಬುಲೆನ್ಸಿನವರಿಗೆ ವಿಳಾಸ ಹೇಳುತ್ತಿದ್ದಳು. ದಿನವೂ ಆಫೀಸಿನಲ್ಲಿ ಆಡುವ ಜಪಾನಿ ಭಾಷೆ ನಾಲಿಗೆಗೆ ಸಿಗದೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ತಂದೆ, ಉಸಿರು. ತಂದೆ, ಉಸಿರು.

ಬಿಳಿ ಗೌನು ತೊಟ್ಟ ಮೂವರು ಬಂದು, ಆಕ್ಸಿಜನ್ ಮಾಸ್ಕ್ ಹಾಕಿ, ಕುರ್ಚಿಯಲ್ಲಿ ಕೂರಿಸಿಕೊಂಡು ಲಿಫ್ಟಿನತ್ತ ಒಯ್ದರು. ಅವಳೂ ಚಪ್ಪಲಿ ಮೆಟ್ಟಿದಳು. "ಸುಮಿಮಾಸೆನ್," ಎಂದು ಅವರಲ್ಲಿ ಕಿರಿಯವನು ಕ್ಷಮೆ ಕೇಳುತ್ತ ತಲೆಬಾಗಿ ಲಿಫ್ಟಿಗೆ ಅಡ್ಡ ನಿಂತ. ಮನೆಯವರು ಬರುವ ಹಾಗಿಲ್ಲ.

ಆಂಬುಲೆನ್ಸ್ ಮಾತ್ರ ಹೊರಡಲಿಲ್ಲ. ಕಟ್ಟಡದ ಕೆಳಗೆ ಕೆಂಪು ದೀಪ ತಿರುಗಿಸುತ್ತ ನಿಂತೇ ಇತ್ತು. ಒಳಗಿನವರು ಒಂದಾದ ಮೇಲೊಂದು ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು. ಕೃಪಾ ಅಪ್ಪನ ಕೋಣೆಯಾಚೆ, ಎರಡನೇ ಮಹಡಿಯ ಬಾಲ್ಕನಿಯ ಕಂಬಿ ಹಿಡಿದು ನಿಂತಳು.

"ಕೃಪಾ," ಎಂದಿತು ಕೋಣೆಯ ಲ್ಯಾಪ್‌ಟಾಪು. "ನಾವೆಲ್ಲ ಇಲ್ಲೇ ಇದ್ದೀವಮ್ಮ. ಯಾರೂ ಹೋಗಿಲ್ಲ. ಸರ್ ಹೇಗಿದ್ದಾರೆ?"

"ಕೆಳಗಿದ್ದಾರೆ ಆಂಟಿ. ಬೆಡ್ ಹುಡುಕ್ತಿದ್ದಾರೆ."

ಬಿಸಿಲು ಎದುರಿನ ಮನೆಗಳ ಮಾಡಿನಿಂದ ಇಳಿಯತೊಡಗಿತು. ಗಾಳಿಗೆಂದು ಆಂಬುಲೆನ್ಸಿನ ಹಿಂಬಾಗಿಲು ತೆರೆದಿಟ್ಟಿದ್ದರು. ಕಿರಿಯವನು ಫೋನನ್ನು ಕಿವಿಗೊತ್ತಿಕೊಂಡು, ಕಾಣದ ಯಾರಿಗೋ ತಲೆಬಾಗುತ್ತ, "ಹೈ, ಹೈ" ಎಂದು ಜಪಾನಿಯಲ್ಲಿ ಹೂಂಗುಟ್ಟುತ್ತಿದ್ದ. ಅವನ ಪಕ್ಕ ಮಲಗಿದ್ದ ಅಪ್ಪನ ಬಲಗೈ ಮೇಲೆದ್ದಿತು. ತೋರುಬೆರಳು, ಪಾಠ ಹೇಳುವಾಗಿನಂತೆ, ಗಾಳಿಯಲ್ಲಿ ಒಮ್ಮೆ ಅತ್ತ, ಒಮ್ಮೆ ಇತ್ತ ಆಡಿತು. ಮಾಸ್ಕಿನೊಳಗೆ ಗಡ್ಡ ಅಲುಗುತ್ತಿತ್ತು. ಹುಡುಗ ಫೋನ್ ಹಿಡಿದೇ ಬಗ್ಗಿ, ಗಂಭೀರವಾಗಿ ಕೇಳಿಸಿಕೊಂಡು, ಅಪ್ಪನಿಗೂ ಒಂದು "ಹೈ" ಅಂದ.

ಮುಂದಿನ ಸೀಟಿನಲ್ಲಿದ್ದವನು ಸಿಕ್ಕಿತು ಎಂಬಂತೆ ಕಿಟಕಿಯಿಂದ ಕೈಯೆತ್ತಿದ. ಹಿಂಬಾಗಿಲು ಮುಚ್ಚುವಾಗಲೂ ಅಪ್ಪನ ಬೆರಳು ಕೆಳಗಿಳಿದಿರಲಿಲ್ಲ.