ಗಂಡನ ಬಾಯಲ್ಲಿ ಹೆಂಡತಿಯ ಉತ್ತರ

"ಸದ್ಯಕ್ಕೆ ಇನ್ನೊಂದು ಮಗು ಬೇಡ, ಬಸಿರಾಗದಂತೆ ವಂಕಿ ಹಾಕಿಸಿಕೊಳ್ಳಬೇಕು" ಎಂದು ಪಾವನಾ ಕನ್ನಡದಲ್ಲಿ ಹೇಳಿದಳು. "ಇವಳಿಗೆ ಬೇಗ ಇನ್ನೊಂದು ಮಗು ಬೇಕಂತೆ" ಎಂದು ಪಕ್ಕದಲ್ಲಿದ್ದ ಅವಳ ಗಂಡ ಉಮಾಕಾಂತ ಸ್ವೀಡಿಷ್‌ನಲ್ಲಿ ಹೇಳಿದ. ಹೆರಿಗೆ ನರ್ಸ್ ನಕ್ಕು ಒಂದು ಕರಪತ್ರ ಕೊಟ್ಟಳು.

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ಆ ಕ್ಲಿನಿಕ್ಕಿನಿಂದ ಹೊರಬಂದು ಬಸ್ಸಿನಲ್ಲಿ ಕೂತ ಮೇಲೆ ಪಾವನಾ ಕರಪತ್ರ ಬಿಡಿಸಿದಳು. ಅಕ್ಷರ ತಿಳಿಯಲಿಲ್ಲ, ಚಿತ್ರ ತಿಳಿಯಿತು. ಹೊಟ್ಟೆ ಮುಂದೆ ಬಂದ ಹೆಂಗಸು, ಅವಳ ತಟ್ಟೆಯಲ್ಲಿ ಸೊಪ್ಪು, ಕಾಳು, ಮಾತ್ರೆ.

"ರೀ, ನಾನು ಹೇಳಿದ್ದೇನು, ನೀವು ಹೇಳಿದ್ದೇನು?"

"ಟ್ರಾನ್ಸ್‌ಲೇಶನ್ ಅಂದ್ರೆ ಪದಕ್ಕೆ ಪದ ಅಲ್ಲ ಕಣೇ, ಕಾಂಟೆಕ್ಸ್ಟ್ ನೋಡ್ಬೇಕು." ಉಮಾಕಾಂತ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಪರ್ಮಿಟ್ ಇನ್ನೆರಡು ವರ್ಷ ಇದೆ. ಇಲ್ಲಿ ಹೆರಿಗೆ ಫ್ರೀ. ಎರಡೂ ಒಟ್ಟಿಗೆ ಬೆಳೆದುಬಿಡ್ತವೆ. ನಾನು ಪ್ಲಾನ್ ಮಾಡಿದ್ದೀನಿ, ನೀನು ಟೆನ್ಷನ್ ತಗೋಬೇಡ."

ಆ ಪ್ಲಾನಿನಲ್ಲಿ ಅವಳ ಹೊಲಿಗೆಗೆ ಜಾಗವಿರಲಿಲ್ಲ. ಮಗಳು ಕೃತಿಗೆ ಎಂಟು ತಿಂಗಳು. ಸಿಸೇರಿಯನ್ ಆದ ಜಾಗ ಮೆಟ್ಟಿಲು ಹತ್ತುವಾಗ ಈಗಲೂ ಚುಳ್ ಎನ್ನುತ್ತಿತ್ತು. ಮುಂದಿನ ಬಸಿರಿಗೆ ಸಾಕಷ್ಟು ಅಂತರ ಬಿಡಿ ಎಂದು ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದ್ದರು. ಕರಪತ್ರ ಕೈಗೆ ಬಂದ ದಿನದಿಂದ ಪಾವನಾಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಲೆಯ ಮೇಲೆ ಹಾಲಿಟ್ಟು ಕಿಟಕಿಗೆ ಹೋಗುವಳು, ಕಿಟಕಿಯಿಂದ ಬಾಗಿಲಿಗೆ. ಗಂಡ ದೀಪ ಆರಿಸಿದ ಕೂಡಲೇ ಮಗುವನ್ನೆತ್ತಿ ಇಬ್ಬರ ನಡುವೆ ಮಲಗಿಸುವಳು.

ಕಟ್ಟಡದ ಕೆಳಗೆ ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ. ಅಲ್ಲಿ ಮೇಲಿನ ಮಹಡಿಯ ನೀರಜಾ ಸಿಕ್ಕಳು. ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು, ಬಾಯಿಗೆ ಬೀಗವಿಲ್ಲದವಳು. ಜೊತೆಗೆ ಅವಳ ರೂಮ್‌ಮೇಟ್ ರೀಟಾ, ಮಾಲ್ಟಾ ದ್ವೀಪದವಳು.

"ಇದೇನೇ ಪಾವನಾ, ಒಗೆದ ಬಟ್ಟೇನೇ ಮತ್ತೆ ಮೆಷಿನ್‌ಗೆ ತುರುಕ್ತಿದ್ದೀಯ?"

ಪಾವನಾ ಎಲ್ಲ ಹೇಳಿಕೊಂಡಳು.

"ಇನ್ನೊಂದ್ಸಲ ಟೈಮ್ ತಗೋ. ಒಬ್ಬಳೇ ಹೋಗಿ ಹಾಕಿಸ್ಕೊ."

"ಅವರ ಸೈನ್ ಕೇಳಲ್ವಾ ನೀರಜಕ್ಕಾ? ಊರಲ್ಲಿ ನಮ್ಮತ್ತಿಗೆಗೆ 'ಯಜಮಾನ್ರನ್ನ ಕರ್ಕೊಂಡ್ ಬಾಮ್ಮಾ' ಅಂತ ವಾಪಸ್ ಕಳಿಸಿದ್ರು. ಇಲ್ಲಂತೂ ನಾನು ಡಿಪೆಂಡೆಂಟು. ವೀಸಾನೇ ಅವರದ್ದು."

"ವೀಸಾ ಅವನ ಕಂಪನಿ ಕೊಡಿಸಿರಬಹುದು ಮಾರಾಯ್ತಿ. ಗರ್ಭಕೋಶಾನೂ ಅವರೇ ಕೊಟ್ರಾ? ಇಲ್ಲಿ ಯಾರ ಸೈನೂ ಬೇಡ. ನೀನು ಹೇಳಿದ್ದನ್ನ ನಿನ್ನ ಒಪ್ಪಿಗೆ ಇಲ್ದೆ ಆ ನರ್ಸ್ ನಿನ್ನ ಗಂಡನಿಗೂ ಹೇಳೋ ಹಾಗಿಲ್ಲ. ಕಾನೂನು."

"ನಂಗೆ ಭಾಷೆ ಬರಲ್ವಲ್ಲ."

"ಟೈಮ್ ಬುಕ್ ಮಾಡುವಾಗ್ಲೇ ತೋಲ್ಕ್ ಬೇಕು ಅನ್ನು. ತೋಲ್ಕ್ ಅಂದ್ರೆ ದುಭಾಷಿ. ಅವರೇ ಫೋನಲ್ಲಿ ಕರೆಸ್ತಾರೆ, ನೀನೇನೂ ಕೊಡಬೇಕಿಲ್ಲ."

"ಕನ್ನಡದವರು ಸಿಗ್ತಾರಾ?"

"ಕೇಳದೆ ಹೇಗೆ ಸಿಗ್ತಾರೆ? ಸಿಗದೇ ಹೋದ್ರೆ ನಿನ್ನ ಹರಕು ಮುರುಕು ಇಂಗ್ಲಿಷೇ ಸಾಕು. ಅದು ನಿನ್ನ ಗಂಡನ ಸ್ವೀಡಿಷ್‌ಗಿಂತ ಸತ್ಯ ಹೇಳುತ್ತೆ!"

ರೀಟಾ ಏನೆಂದು ಕೇಳಿದಳು. ನೀರಜಾ ಇಂಗ್ಲಿಷಿನಲ್ಲಿ ವಿವರಿಸಿದಳು. ರೀಟಾ ಕೈಯಲ್ಲಿದ್ದ ಟವೆಲ್ಲನ್ನು ಅರ್ಧ ಮಡಚಿ ನಿಲ್ಲಿಸಿದಳು. ಪಾವನಾಗೆ ತಿಳಿಯುವಂತೆ ನಿಧಾನವಾಗಿ ಮಾತಾಡಿದಳು.

"ನನ್ನ ದೇಶ ತುಂಬಾ ಚಿಕ್ಕದು. ಅಲ್ಲಿ ಬಸಿರು ಬೇಡವೆಂದು ತೆಗೆಸಿದರೆ ಹೆಂಗಸು ಅಪರಾಧಿ. ಗಂಡ ಬೇಡವೆಂದರೆ 2011ರವರೆಗೆ ವಿಚ್ಛೇದನದ ಕಾನೂನೇ ಇರಲಿಲ್ಲ. ನನ್ನ ಅಕ್ಕ ರಜೆಗೆ ಹೊರಟೆ ಅಂತ ಸುಳ್ಳು ಹೇಳಿ, ಬೇರೆ ದೇಶಕ್ಕೆ ಹೋಗಿ ತೆಗೆಸಿಕೊಂಡು ಬಂದಳು. ವಾರವಿಡೀ ನೋವು ನುಂಗಿ ಅಮ್ಮನ ಮುಂದೆ ನಗುತ್ತಿದ್ದಳು. ಅಲ್ಲಿ ನಮ್ಮ ಬಾಯಿ ಮುಚ್ಚಿಸುವುದು ಸರ್ಕಾರ. ಇಲ್ಲಿ ಹದಿನೆಂಟು ವಾರದವರೆಗೂ ತೀರ್ಮಾನ ಹೆಂಗಸಿನದೇ ಅಂತ ಕಾನೂನಿದೆ. ನೀನು ಕೇಳುತ್ತಿರುವುದಾದರೂ ಏನು, ಬಸಿರಾಗದಿರುವ ಉಪಾಯ. ಕೇಳಿಸಿಕೊಳ್ಳಲು ಅವರು ಕೂತಿದ್ದಾರೆ. ಮತ್ತೆ ನಿನ್ನ ಬಾಯಿ ಮುಚ್ಚಿಸಿದ್ದು ಯಾರು?"

ಪಾವನಾ ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ನೀರಜಾಳ ಮೊಬೈಲ್ ಇಸಿದುಕೊಂಡಳು. ಹರಕು ಮುರುಕು ಇಂಗ್ಲಿಷಿನಲ್ಲೇ ಕ್ಲಿನಿಕ್ಕಿಗೆ ಕರೆ ಮಾಡಿದಳು. ತನ್ನ ಹೆಸರನ್ನು ತಾನೇ ಹೇಳಿದಳು, ದುಭಾಷಿ ಬೇಕೆಂದು ತಾನೇ ಹೇಳಿದಳು.

ಓದುತ್ತಿರುವ ಅಕ್ಕತಂಗಿಯರೇ, ಕಥೆ ಮುಗಿಯುವ ಮೊದಲೇ ಒಂದು ಮಾತು. ಗಂಡ ಒಳ್ಳೆಯವನೇ ಇರಲಿ, ನಿಮ್ಮ ಮೈಯ ಮಾತನ್ನು ಅವನ ಬಾಯಿಗೆ ಒಪ್ಪಿಸಬೇಡಿ. ನೀವು ಹೋದ ದೇಶದಲ್ಲಿ ನಿಮಗೆ ಯಾವ ಹಕ್ಕಿದೆ ಎಂದು ಕೇಳಿ ತಿಳಿಯಿರಿ. ದುಭಾಷಿ ಕೇಳಿ. ನಾಚಿಕೆಯಾದರೆ ನಾಚಿಕೊಂಡೇ ಕೇಳಿ. ಹಕ್ಕು ಕಾಗದದ ಮೇಲಿದ್ದರೆ ಸಾಲದು, ನಿಮ್ಮ ನಾಲಿಗೆಯ ಮೇಲೆ ಬರಬೇಕು.

ಗುರುವಾರಕ್ಕೆ ಟೈಮ್ ಸಿಕ್ಕಿತ್ತು; ವಿಷಯ ತಿಳಿದ ಉಮಾಕಾಂತ ರಜೆ ಹಾಕಿ ಅವಳ ಬೆನ್ನಿಗೇ ಕ್ಲಿನಿಕ್ಕಿಗೆ ಬಂದ. "ನಾನಿಲ್ದೆ ಏನು ಮಾತಾಡ್ತೀಯ ನೀನು?" ಎಂದು ಕೃತಿಯನ್ನು ಎತ್ತಿಕೊಂಡು ಒಳಗೇ ನುಗ್ಗಿದ. ನರ್ಸ್ ಮೇಜಿನ ಮೇಲಿನ ಫೋನಿನ ಸ್ಪೀಕರ್ ಒತ್ತಿದಳು. ಹುಬ್ಬಳ್ಳಿ ಕಡೆಯ ಹೆಂಗಸಿನ ದನಿ ಬಂತು.

"ನಮಸ್ಕಾರ್ರೀ. ನೀವು ಹೇಳಿದ್ದಷ್ಟ ಹೇಳ್ತೀನ್ರಿ. ಸೇರಸೂದಿಲ್ಲ, ಬಿಡೂದಿಲ್ಲ. ಖೋಲಿಯೊಳಗ ಯಾರು ಮಾತಾಡಿದ್ರೂ ಹೇಳ್ತೀನಿ. ಮೊದಲ ನರ್ಸ್ ಕೇಳಾಕತ್ತಾರ, ನಿಮ್ಮೊಬ್ಬರ ಜೋಡಿ ಅಷ್ಟ ಮಾತಾಡಬೇಕು, ನಿಮ್ಮ ಯಜಮಾನ್ರು ಹೊರಗ ಕುಂದ್ರಬಹುದೇನು?"

"ಇದೇನು ಡ್ರಾಮಾ?" ಉಮಾಕಾಂತ ಸಿಡುಕಿದ. "ನಮ್ಮ ಫ್ಯಾಮಿಲಿ ವಿಷ್ಯ ಈ ನರ್ಸಮ್ಮನಿಗೇನು ಗೊತ್ತು? ಏಳು, ಮನೆಗೆ ಹೋಗೋಣ."

ಫೋನಿನ ದನಿ ಅದನ್ನೂ ಚಾಚೂ ತಪ್ಪದೆ ಸ್ವೀಡಿಷ್‌ಗೆ ತಿರುಗಿಸಿತು. ನರ್ಸ್ ಪೆನ್ನು ಕೆಳಗಿಟ್ಟಳು. ಉಮಾಕಾಂತನ ಕಿವಿ ಕೆಂಪಾಯಿತು.

"ಪಾವನಾ, ಏಳು ಅಂದೆ."

"ಏಳಲ್ಲ ರೀ. ಕೃತಿಗೆ ಹಸಿವಾಗಿದೆ, ಹಾಲಿನ ಬಾಟ್ಲು ಬ್ಯಾಗಲ್ಲಿದೆ. ನೀವು ಹೊರಗೆ ಕೂತಿರಿ."