ಬಾಖೂಮನಿಗೊಂದು ಜಾಗ

ದಿಮ್ಯಾನಾ ಚಾಚಿದ ಕೈ ಚಾಚಿದಂತೆಯೇ ಇತ್ತು. ಅವಳ ತಮ್ಮ ಗತ್ತಾಸ್ ತವರಿನ ಗೋರಿಕೋಣೆಯ ಬೀಗದ ಕೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಚರ್ಚಿನ ಒಳಗೆ ಅವಳ ಗಂಡ ಬಾಖೂಮನ ಶವಪೆಟ್ಟಿಗೆಯನ್ನು ಬಲಿಪೀಠದ ಪರದೆಯ ಮುಂದೆ ಇಳಿಸಿಯಾಗಿತ್ತು. ಇಬ್ಬರೂ ಬಾಗಿಲಲ್ಲೇ ನಿಂತು ಜಗಳವಾಡುತ್ತಿದ್ದರು.

"ನಿನ್ನ ಕಾಲಕ್ಕೆ ನೀನು ಬಾರಕ್ಕ, ಅಪ್ಪನ ಪಕ್ಕದಲ್ಲೇ ಮಲಗಿಸ್ತೀನಿ. ಭಾವನ್ನ ಮಾತ್ರ ಆಗಲ್ಲ. ಅಳಿಯನ್ನ ಹೆಣ್ಣಿನ ಕಡೆಯೋರ ಗೋರಿಗೆ ಹಾಕಿದ್ದು ಈ ಊರಲ್ಲಿ ಎಲ್ಲಾದ್ರೂ ಉಂಟಾ?"

"ಮತ್ತೆ ಅವರನ್ನ ಎಲ್ಲಿಗೆ ಹಾಕ್ಲಿ?"

"ಪರದೇಶಿಗಳ ಗೋರಿ ಇದೆಯಲ್ಲ."

"ನಲವತ್ತಾರು ವರ್ಷ ಒಂದೇ ಹಾಸಿಗೇಲಿ ಮಲಗಿದೀವಿ. ಈಗ ಅವರು ಅಲ್ಲಿ, ನಾನು ಇಲ್ಲೀನಾ? ನಿನ್ನ ಹೆಂಡತೀನ ಹಿಂಗೆ ಬಿಟ್ಟಿರ್ತೀಯೇನೋ?"

"ಅವಳು ನನ್ನ ಬಿಟ್ರೆ ಸಾಕಾಗಿದೆ" ಎಂದು ಗತ್ತಾಸ್ ಗೊಣಗಿದ. ಸಾವಿನ ದಿನವೂ ಅವನ ನಾಲಿಗೆಗೆ ರಜೆಯಿಲ್ಲ.

ನೈಲ್ ದಂಡೆಯ ನಮ್ಮೂರಿನಲ್ಲಿ ಬಡವನಾದರೂ ಸರಿ, ಮನೆತನಕ್ಕೊಂದು ಗೋರಿಕೋಣೆ ಇರುತ್ತದೆ. ಬಾಖೂಮನಿಗೆ ಮನೆತನವೇ ಇರಲಿಲ್ಲ. ಹಸುಗೂಸಾಗಿ ಚರ್ಚಿನ ಹೊಸ್ತಿಲಲ್ಲಿ ಸಿಕ್ಕವನು, ಅಲ್ಲೇ ಬೆಳೆದು ಬಲಿಪೀಠದ ರೊಟ್ಟಿ ಸುಡುವವನಾದ. ಉಪವಾಸವಿದ್ದು, ಕೀರ್ತನೆ ಹೇಳಿಕೊಳ್ಳುತ್ತಾ, ಉಪ್ಪಿಲ್ಲದ ಹಿಟ್ಟು ನಾದಿ, ಊರಿಗೆಲ್ಲ ಐವತ್ತು ವರ್ಷ ಆ ರೊಟ್ಟಿ ಕೊಟ್ಟ.

ಊರವರೆಲ್ಲ ಅಬೂನಾ, ಅಂದರೆ ನಮ್ಮ ತಂದೆ, ಎಂದು ಕರೆಯುವ ಮುದಿ ಪಾದ್ರಿ ಬಿಸೆಂತಿ ಧೂಪದ ಪಾತ್ರೆ ಹಿಡಿದು ನಿಂತಿದ್ದರು; ಅವರಿಗೆ ಇಬ್ಬರ ಮಾತೂ ಕೇಳಿಸಿತು.

*

ನಲವತ್ತು ವರ್ಷಗಳ ಹಿಂದೆ, ಪಾದ್ರಿಯಾಗಿದ್ದ ಬಿಸೆಂತಿಯ ತಂದೆ ತೀರಿಕೊಂಡಾಗ, ಹೊಸ ಪಾದ್ರಿಗಾಗಿ ಊರವರು ರುಜು ಕೂಡಿಸತೊಡಗಿದ್ದು ಬಾಖೂಮನ ಹೆಸರಿಗೆ. ಆರು ತಲೆಮಾರು ಪಾದ್ರಿಗಳನ್ನು ಕೊಟ್ಟ ಮನೆಯ ಬಿಸೆಂತಿಗೆ ಅದನ್ನು ಸಹಿಸಲಾಗಲಿಲ್ಲ. ಸಭೆಯಲ್ಲಿ ಎದ್ದು ನಿಂತು ಒಂದೇ ಮಾತು ಕೇಳಿದ.

"ಬಲಿಪೀಠದ ಮುಂದೆ ನಿಲ್ಲೋನು ಯಾರ ಮಗ ಅಂತ ಗೊತ್ತಿರಬೇಡ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರವರು ಲೇಖನಿ ಕೆಳಗಿಟ್ಟರು. ಬಿಸೆಂತಿ ಪಾದ್ರಿಯಾದ.

ಅವನ ಮೊದಲ ಆರಾಧನೆಯ ದಿನ ಬಾಖೂಮನೇ ಏಳು ರೊಟ್ಟಿಗಳ ಬುಟ್ಟಿ ತಂದು ಮುಂದೆ ಹಿಡಿದ. ಕಲೆಯಿಲ್ಲದ ಒಂದನ್ನು ಆರಿಸಬೇಕು. ಬಿಸೆಂತಿ ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿದ.

"ಯಾವುದಾದ್ರೂ ತಗೊಳ್ಳಿ ಅಬೂನಾ" ಎಂದು ಬಾಖೂಮ ಮೆಲ್ಲಗೆ ಹೇಳಿದ. "ಒಂದಕ್ಕೂ ಅಪ್ಪ ಇಲ್ಲ." ಆಮೇಲೆ ಗೋಡೆಯ ಚಿತ್ರದಲ್ಲಿ ರೊಟ್ಟಿ, ದ್ರಾಕ್ಷಾರಸ ಹಿಡಿದು ನಿಂತಿದ್ದ ಬೈಬಲಿನ ಪುರಾತನ ಯಾಜಕ ಮೆಲ್ಕಿಜೆದೇಕನ ಕಡೆ ಗಲ್ಲ ಎತ್ತಿದ. "ಆ ಅಜ್ಜನಿಗೂ ಇಲ್ಲ."

ಬಿಸೆಂತಿಗೆ ಅದು ಬಿಸಿ ತುಪ್ಪವಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಯಾಕೆಂದರೆ ಅದನ್ನೇ ಅವನು ವರ್ಷವರ್ಷವೂ ಬೋಧಿಸಬೇಕಾಯಿತು: ಆರೋನನ ಮಕ್ಕಳು ಹುಟ್ಟಿನಿಂದ ಯಾಜಕರಾದರು, ಒಬ್ಬರ ಹಿಂದೊಬ್ಬರು ಸತ್ತರು. ತಂದೆತಾಯಿ, ವಂಶ ಯಾವುದೂ ಬರೆದಿಡದ ಮೆಲ್ಕಿಜೆದೇಕನಲ್ಲಿಯೇ ಬರಲಿರುವ ಕ್ರಿಸ್ತನ ನೆರಳು ಮೊದಲು ಬಿದ್ದದ್ದು. ಆ ಬೋಧನೆ ಬಂದಾಗಲೆಲ್ಲ ಬಾಖೂಮ ಹಿಂದಿನಿಂದ ಜೋರಾಗಿ ಕೆಮ್ಮುತ್ತಿದ್ದ. ಆರಾಧನೆ ಮುಗಿದ ಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಬೇಯಿಸಿದ ಅವರೆ ತಿಂದು ನಗುತ್ತಿದ್ದರು. ಬಿಸೆಂತಿಗೆ ಅವನೆಂದರೆ ಪ್ರಾಣ. ಆದರೂ ತಪ್ಪಾಯಿತು ಎನ್ನಲು ನಲವತ್ತು ವರ್ಷ ಸಾಲಲಿಲ್ಲ.

*

ಅಬೂನಾ ಧೂಪದ ಪಾತ್ರೆಯನ್ನು ಮಗ ಲಬೀಬನ ಕೈಗೆ ಕೊಟ್ಟರು.

"ನಮ್ಮ ಗೋರಿ ತೆಗೆಸು."

"ಅಪ್ಪಾ, ಅಲ್ಲಿ ಉಳಿದಿರೋದು ಒಂದೇ ಜಾಗ. ಅದು ನಿಮ್ಮದು."

"ಗೊತ್ತು."

"ಆರು ತಲೆ ಯಾಜಕರು ಮಲಗಿರೋ ಜಾಗ ಅದು. ಊರೋರು ಏನಂತಾರೆ?"

"ಇವನು ಯಾರ ಮಗ ಅಂತಾರೆ. ನಾನೇ ಕಲಿಸಿಕೊಟ್ಟ ಮಾತು."

"ಮತ್ತೆ ನೀವು?"

"ಪರದೇಶಿಗಳ ಗೋರೀಲಿ ಬೇಕಾದಷ್ಟು ಜಾಗ ಇದೆ. ಗಾಳೀನೂ ಚೆನ್ನಾಗಿದೆ."

ಆಮೇಲೆ ಅವರು ದಿಮ್ಯಾನಾಳ ಕಡೆ ತಿರುಗಿದರು.

"ಅವತ್ತು ಸಭೇಲಿ ನಾನಾಡಿದ ಮಾತು ತಪ್ಪು, ತಂಗೀ. ಅವನಿಗೆ ಹೇಳಬೇಕಿತ್ತು."

"ಅವರು ಎಂದೋ ಮರೆತಿದ್ರು, ಅಬೂನಾ" ಎಂದಳು ದಿಮ್ಯಾನಾ. "ನಾನು ಮರೆತಿರಲಿಲ್ಲ."

ಅಬೂನಾ ತಲೆ ತಗ್ಗಿಸಿದರು. ಅವಳು ಅವರ ಕೈ ಹಿಡಿದು ಮುತ್ತಿಟ್ಟಳು.

ಮರಳುದಿಣ್ಣೆಯ ಮೇಲಿನ ಗೋರಿಕೋಣೆಯಲ್ಲಿ, ಅಬೂನಾರ ತಂದೆಯ ಪಕ್ಕಕ್ಕೆ ಬಾಖೂಮನನ್ನು ಇಳಿಸಿದರು. ಗಂಡಸರು ಹೊರಗೆ ಬಂದು ಕೈಯ ಧೂಳು ಕೊಡವಿಕೊಂಡರು. ದಿಮ್ಯಾನಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಪೆಟ್ಟಿಗೆಗೂ ಗೋಡೆಗೂ ನಡುವೆ ಉಳಿದದ್ದನ್ನು ಗೇಣಿನಲ್ಲಿ ಅಳೆದಳು. ಎರಡೂವರೆ ಗೇಣು.

"ಅಕ್ಕಾ, ಏನು ಮಾಡ್ತಿದ್ದೀಯ?" ಎಂದು ಗತ್ತಾಸ್ ಬಗ್ಗಿ ನೋಡಿದ.

ಅವಳು ಕಪ್ಪು ಶಾಲನ್ನು ಬಿಗಿಯಾಗಿ ಸುತ್ತಿಕೊಂಡು, ಆ ಸಂದಿನಲ್ಲಿ ಗಂಡನ ಕಡೆ ಮಗ್ಗುಲಾಗಿ ಮಲಗಿ ನೋಡಿದಳು. ಹಿಡಿಸಿತು.