ಹನ್ನೊಂದು ದಿನ ನಿಜ ಹೇಳಿದ ಬುರುಡೆ

ಬೀಗ ರಿಪೇರಿಯವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಬುರುಡೆ. ಯಾರದಾದರೂ ಬೀಗ ಕೈಗೆ ಬಂದರೆ ಸಾಕು, ಬೀಗಕ್ಕಿಂತ ಮೊದಲು ಅವನ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಬೀಗದ ಕೈ ಕೊರೆಯಲು ಐದು ನಿಮಿಷ ಬೇಕು. ಗಿರಾಕಿಗಳು ಅರ್ಧ ಗಂಟೆ ನಿಂತಿರುತ್ತಿದ್ದರು.

ಅವನ ಹೆಂಡತಿ ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಒಂದು ಒತ್ತಕ್ಷರ ಆಚೀಚೆಯಾದರೂ ಅವಳ ಕೆಂಪು ಪೆನ್ನು ಸುಮ್ಮನಿರುತ್ತಿರಲಿಲ್ಲ. ಮಧ್ಯಾಹ್ನ ಅಂಗಡಿಗೆ ಊಟ ತಂದಾಗ ಗಂಡನ ಮಾತನ್ನೂ ನಿಂತ ನಿಲುವಿನಲ್ಲೇ ತಿದ್ದುತ್ತಿದ್ದಳು. ಒಂದು ಕಾಲದಲ್ಲಿ ಯಾರದೋ ಮನೆಯ ಗಿಳಿಪಂಜರದ ಚಿಲಕ ಸಿಕ್ಕಿಕೊಂಡಾಗ ಅವನು ಅವಳ ಹೇರ್‌ಪಿನ್ನಿನಿಂದ ಬಿಡಿಸಿದ್ದ. ಮೊದಲ ವರ್ಷ ಅವನ ಕಥೆಯಲ್ಲಿ ಆ ಗಿಳಿ ಗಿಳಿಯಾಗಿಯೇ ಇತ್ತು. ಆಮೇಲೆ ಕಚ್ಚುವ ನಾಯಿಯಾಯಿತು, ನಂತರ ಚಿರತೆಯಾಯಿತು, ಕಡೆಗೆ ಸರ್ಕಸ್ಸಿನ ಸಿಂಹವಾಯಿತು.

"ಗಿಳಿ ರೀ ಅದು," ಎನ್ನುತ್ತಿದ್ದಳು ಬುತ್ತಿ ಬಿಚ್ಚುತ್ತ.

"ನೀನು ಸರ್ಕಸ್ಸಿನ ಹಿಂದಿನ ಸೀಟಲ್ಲಿ ಕೂತಿದ್ದೆ, ನಿಂಗೆ ಸರಿಯಾಗಿ ಕಾಣ್ಸಿಲ್ಲ," ಎನ್ನುತ್ತಿದ್ದ ಅವನು. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಒಂದು ಬೆಳಿಗ್ಗೆ ಅವಳ ಮೇಜಿನ ಫೋನು ಬಡಿದುಕೊಂಡಿತು. "ತಲೆ ನೋಯ್ತಿದೆ. ಬಾ," ಎಂದ ಗಂಡ. ಅಷ್ಟೇ. ಸಿಡಿಲಿಲ್ಲ, ಭೂಕಂಪವಿಲ್ಲ, ಸುತ್ತಿಗೆಯಿಲ್ಲ. ಮೂವತ್ತು ವರ್ಷಗಳಲ್ಲಿ ಅವನು ಅಷ್ಟು ಚಿಕ್ಕ ಮಾತು ಆಡಿದ್ದನ್ನು ಅವಳು ಕೇಳಿರಲಿಲ್ಲ. ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಓಡಿದಳು. ಅವನು ಬೀಗದ ರಾಶಿಯ ನಡುವೆ ತಲೆ ಹಿಡಿದು ಕುಳಿತಿದ್ದ; ಅಂಗಿಯ ಮೇಲೆಲ್ಲ ವಾಂತಿ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮಿದುಳಿನ ಸುತ್ತ ರಕ್ತ ಸೋರಿದೆ ಎಂದರು. ರಕ್ತನಾಳವೊಂದು ಗುಳ್ಳೆಯಂತೆ ಉಬ್ಬಿ ಒಡೆದಿತ್ತು. ಮರುದಿನವೇ ತೊಡೆಯ ಸಂದಿಯಿಂದ ಸಣ್ಣ ತಂತಿ ತೂರಿಸಿ, ಆ ಗುಳ್ಳೆಯನ್ನು ಒಳಗಿನಿಂದಲೇ ಮುಚ್ಚಿದರು. "ಒಳ್ಳೇ ಟೈಮಿಗೆ ಬಂದ್ರಿ," ಎಂದರು ಡಾಕ್ಟರು. ಅವಳು ದೇವರಿಗೂ ಡಾಕ್ಟರಿಗೂ ಒಟ್ಟಿಗೇ ಕೈ ಮುಗಿದಳು.

ಜೀವ ಉಳಿಯಿತು, ಆದರೆ ನೋವು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸೋರಿದ ರಕ್ತ ಕರಗಲು ವಾರಗಳು ಬೇಕಂತೆ. ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟರು. ಗಟ್ಟಿ ಔಷಧಿ ಕೊಟ್ಟರೆ ಮಂಪರು ಹತ್ತುತ್ತಿತ್ತು; ಮಂಪರು ಔಷಧಿಯದ್ದೋ ಮಿದುಳಿನದ್ದೋ ತಿಳಿಯದೆ ಡಾಕ್ಟರುಗಳಿಗೇ ಗಾಬರಿ. ಹಾಗಾಗಿ ಅದನ್ನೂ ಕಮ್ಮಿ ಮಾಡಿದರು. ಅವನು ಕಣ್ಣು ಮುಚ್ಚಿ, ಕತ್ತು ಬಿಗಿದುಕೊಂಡು, ದಿಂಬಿಗೂ ನೋವಾದೀತು ಎಂಬಂತೆ ಮಲಗಿರುತ್ತಿದ್ದ.

ದಿನಕ್ಕೆ ಹತ್ತಾರು ಸಲ ಕಿರಿಯ ಡಾಕ್ಟರು ಬಂದು ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದರು. ಹೆಸರೇನು, ಎಲ್ಲಿದ್ದೀರಿ, ಏನು ಕೆಲಸ, ನನ್ನ ಬೆರಳು ಹಿಸುಕಿ. ಬುರುಡೆ ಎಲ್ಲಕ್ಕೂ ಸರಿಯುತ್ತರ ಕೊಡುತ್ತಿದ್ದ. "ಆಸ್ಪತ್ರೆ." "ಬೀಗ ರಿಪೇರಿ." ಡಾಕ್ಟರು ಖುಷಿಯಿಂದ ಗುರುತು ಹಾಕಿಕೊಂಡು ಹೋಗುತ್ತಿದ್ದರು. ಹೆಂಡತಿ ಮಾತ್ರ ಪ್ರತಿ ಉತ್ತರಕ್ಕೂ ಗಂಡನ ಮುಖವನ್ನೇ ದಿಟ್ಟಿಸುತ್ತಿದ್ದಳು.

ಹನ್ನೊಂದನೆಯ ದಿನ ಅವಳು ತಡೆಯಲಾರದೆ ಹೇಳಿದಳು. "ಡಾಕ್ಟ್ರೇ, ಇವರು ಸರಿಯಾಗಿಲ್ಲ. ಬಂದಾಗಿನಿಂದ ಒಂದೇ ಒಂದು ಸುಳ್ಳು ಹೇಳಿಲ್ಲ."

ಕಿರಿಯ ಡಾಕ್ಟರಿಗೆ ಅರ್ಥವಾಗಲಿಲ್ಲ. "ಒಳ್ಳೇದೇ ಅಲ್ವಾ ಅಮ್ಮಾ?"

"ನಿಮಗೆ ಒಳ್ಳೇದು. ನಾನು ಇವರ ಜೊತೆ ಸಂಸಾರ ಮಾಡ್ಬೇಕು."

ಪಕ್ಕದ ಹಾಸಿಗೆಯ ಬಳಿ ನಿಂತಿದ್ದ ಅರಿವಳಿಕೆ ಡಾಕ್ಟರು ಈ ಮಾತಿಗೆ ತಿರುಗಿದರು. ನಡುವಯಸ್ಸಿನ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಅವರು ನಗಲಿಲ್ಲ. ಬಂದು ಬುರುಡೆಯ ತಲೆಯ ಹಿಂಭಾಗವನ್ನು ಬೆರಳ ತುದಿಯಿಂದ ಮೆತ್ತಗೆ ಒತ್ತಿದರು. ಒಂದು ಕಡೆ ಒತ್ತಿದಾಗ ಅವನು "ಅಲ್ಲೇ" ಎಂದು ಹಲ್ಲು ಕಚ್ಚಿದ.

"ಇಲ್ಲಿಂದ ಎರಡೂ ಕಡೆ ಒಂದೊಂದು ನರ ನೆತ್ತಿಗೆ ಹತ್ತುತ್ತೆ," ಎಂದರು ಡಾಕ್ಟರು. "ಅದರ ಪಕ್ಕದಲ್ಲಿ ಮರಗಟ್ಟಿಸೋ ಔಷಧಿ ಹಾಕಿದ್ರೆ ಕೆಲವರಿಗೆ ನೋವು ಇಳಿಯುತ್ತೆ. ಸೂಜಿ ಚರ್ಮದ ಕೆಳಗೆ ಹೋಗುತ್ತೆ ಅಷ್ಟೆ, ತಲೆಬುರುಡೆ ಒಳಗೆ ಅಲ್ಲ. ಮಂಪರು ಬರಲ್ಲ. ಎಲ್ಲರಿಗೂ ಹಿಡಿಯುತ್ತೆ ಅಂತ ಮಾತು ಕೊಡಲ್ಲ. ಹಿಡಿದ್ರೂ ಕೆಲವು ಗಂಟೆ ಇರಬಹುದು, ಕೆಲವು ದಿನ ಇರಬಹುದು. ಮಾಡ್ಲಾ?"

"ಮಾಡಿ," ಎಂದ ಬುರುಡೆ. ಅದೂ ಒಂದೇ ಮಾತು.

ಅವನನ್ನು ಮುಂದಕ್ಕೆ ಬಾಗಿಸಿ ಕೂರಿಸಿದರು. ಹೆಂಡತಿ ಅವನ ಹಣೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡಳು. ಡಾಕ್ಟರು ಕೂದಲು ಸರಿಸಿ, ಔಷಧಿಯಲ್ಲಿ ಒರೆಸಿ, ಎಡಕ್ಕೊಂದು ಬಲಕ್ಕೊಂದು ಚುಚ್ಚಿದರು. ಅವನ ಉಗುರು ಅವಳ ತೋಳಿಗೆ ನಾಟಿತು. ಐದು ನಿಮಿಷದ ಕೆಲಸ.

ಕಾಲು ಗಂಟೆಯಲ್ಲಿ ಅವನ ಹುಬ್ಬು ಸಡಿಲವಾಯಿತು. ಅರ್ಧ ಗಂಟೆಗೆ ಕತ್ತನ್ನು ಮೆಲ್ಲಗೆ ಹೊರಳಿಸಿ ಕೋಣೆಯನ್ನೆಲ್ಲ ನೋಡಿದ, ಅಂದೇ ಬಂದವನ ಹಾಗೆ. ಆ ಹೊತ್ತಿಗೆ ಸರಿಯಾಗಿ ಕಿರಿಯ ಡಾಕ್ಟರು ಪ್ರಶ್ನೆಗಳ ಪಟ್ಟಿ ಹಿಡಿದು ಬಂದರು.

"ಏನು ಕೆಲಸ ಮಾಡ್ತೀರಿ?"

"ಸರ್ಕಸ್ಸಲ್ಲಿ ಸಿಂಹದ ಬೋನಿನ ಬೀಗಕ್ಕೆಲ್ಲ ನಂದೇ ಉಸ್ತುವಾರಿ," ಎಂದ ಬುರುಡೆ. "ಒಂದ್ಸಲ ಚಿಲಕ ಕಚ್ಕೊಂಡ್ಬಿಟ್ಟಿತ್ತು. ಒಳಗೆ ಎರಡು ಸಿಂಹ. ಒಂದು ನನ್ನ ಅಂಗಿ ಕಾಲರ್ ಹಿಡ್ಕೊಂಡಿತ್ತು. ನಾನು ಹೆಂಡತಿ ಹೇರ್‌ಪಿನ್ ತಗೊಂಡು…"

ಹೆಂಡತಿಯ ಕಣ್ಣು ತುಂಬಿ ಬಂತು. ಡಾಕ್ಟರ ಮುಖ ಬಿಳಿಚಿಕೊಂಡಿತು. ಹೀಗೆ ರಕ್ತ ಸೋರಿದವರಿಗೆ ಎರಡು ವಾರದೊಳಗೆ ಮಿದುಳಿನ ನಾಳಗಳು ಬಿಗಿದುಕೊಳ್ಳುವ ಭಯವಿದೆ. ಇದ್ದಕ್ಕಿದ್ದಂತೆ ಹುಚ್ಚುಹುಚ್ಚಾಗಿ ಮಾತಾಡಿದರೆ ಅದೇ ಮೊದಲ ಸೂಚನೆ. ಅವರು ಓಡಿಹೋಗಿ ಗೋಡೆಯ ಫೋನು ಎತ್ತಿದರು. "ಸ್ಕ್ಯಾನ್ ರೂಮಾ? ಅರ್ಜೆಂಟು. ಗೊಂದಲ ಶುರುವಾಗಿದೆ, ಸಿಂಹ ಸಿಂಹ ಅಂತಿದ್ದಾರೆ!"

"ಡಾಕ್ಟ್ರೇ, ಅದು ಹೊಸದಲ್ಲ!" ಹೆಂಡತಿ ಹಿಂದೆಯೇ ಓಡಿದಳು. "ಇಪ್ಪತ್ತು ವರ್ಷದ ಹಳೇ ಸುಳ್ಳು ಅದು!"

"ಹೋದ್ಸಲಾನೂ ಎರಡು ಸಿಂಹ ಇತ್ತಾ?"

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಇಲ್ಲ, ಒಂದಿತ್ತು."

"ನೋಡಿದ್ರಾ!" ಎಂದರು ಡಾಕ್ಟರು, ಇನ್ನೂ ಬಿಳಿಚಿಕೊಂಡು.

"ಯಾವಾಗ್ಲೂ ಬೆಳೆಯೋದೇ ಅದು. ಕಮ್ಮಿಯಾಗಿದ್ರೆ ನಾನೂ ಹೆದರ್ತಿದ್ದೆ!"

ಈ ಗಲಾಟೆಗೆ ಅರಿವಳಿಕೆ ಡಾಕ್ಟರೂ ನರ್ಸೂ ಓಡಿ ಬಂದರು. ಅರಿವಳಿಕೆ ಡಾಕ್ಟರು ಟಾರ್ಚಿನಲ್ಲಿ ಕಣ್ಣು ನೋಡಿದರು, ಎರಡೂ ಕೈ ಹಿಸುಕಿಸಿದರು, ತಾರೀಕು ಕೇಳಿದರು. ಎಲ್ಲ ಸರಿಯಾಗಿತ್ತು. ಆಗ ಹೆಂಡತಿ ಹಾಸಿಗೆಯ ಅಂಚಿಗೆ ಕುಳಿತು, ಗಂಡನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ರೀ, ನನ್ನ ಮುಖ ನೋಡಿ ಹೇಳಿ. ಬೋನಲ್ಲಿ ಏನಿತ್ತು?"

ಬುರುಡೆ ಸುತ್ತ ನಿಂತ ಮೂರು ಜನರನ್ನು ನೋಡಿದ. ಇಷ್ಟು ಒಳ್ಳೆ ಗಿರಾಕಿಗಳ ಮುಂದೆ ಮರ್ಯಾದೆ ತೆಗೆಯುತ್ತಿದ್ದಾಳಲ್ಲ ಎಂದು ಮುಖ ಹುಳ್ಳಗೆ ಮಾಡಿಕೊಂಡ. ಆಮೇಲೆ ಬಾಯಿ ಪೂರ್ತಿ ತೆರೆಯದೆ ಗೊಣಗಿದ. "ಗಿಳಿ. ಹಸಿರು ಗಿಳಿ. ಬಾಲದಲ್ಲಿ ಎರಡು ಪುಕ್ಕ ಉದುರಿತ್ತು."

"ಸರಿ ಹೋಯ್ತು," ಎಂದರು ಅರಿವಳಿಕೆ ಡಾಕ್ಟರು, ಕನ್ನಡಕ ಮೇಲಕ್ಕೆ ಸರಿಸುತ್ತ. "ಗೊಂದಲ ಆಗಿರೋರಿಗೆ ತಾವು ಹೇಳ್ತಿರೋದು ಸುಳ್ಳು ಅಂತ ಗೊತ್ತಿರಲ್ಲ. ಇವರಿಗೆ ಚೆನ್ನಾಗೇ ಗೊತ್ತಿದೆ. ಆದ್ರೂ ಸ್ಕ್ಯಾನ್ ಮಾಡ್ಸೋಣ, ಆ ವಿಷಯದಲ್ಲಿ ತಮಾಷೆ ಬೇಡ."

ಸ್ಕ್ಯಾನ್ ಮಾಡಿದರು. ನಾಳಗಳು ನೆಟ್ಟಗಿದ್ದವು. ಕಿರಿಯ ಡಾಕ್ಟರು ಕುರ್ಚಿಗೆ ಕುಸಿದು ಒಂದು ಲೋಟ ನೀರು ಪೂರ್ತಿ ಕುಡಿದರು. ಅಷ್ಟರಲ್ಲಿ ಬುರುಡೆ ಸ್ಟ್ರೆಚರ್ ತಳ್ಳುವವನಿಗೆ, ಆ ಸ್ಕ್ಯಾನ್ ಮೆಷಿನ್ನಿನ ಬಾಗಿಲಿಗೆ ಬೀಗ ಹಾಕಿಕೊಟ್ಟವನು ತಾನೇ ಎಂದು ಹೇಳಿ ಮುಗಿಸಿದ್ದ.

ಚುಚ್ಚಿದ ನಾಲ್ಕನೆಯ ದಿನ ನೋವು ಮತ್ತೆ ತಲೆ ಹಾಕಿತು, ಮೊದಲಿನಷ್ಟಲ್ಲ. ಇನ್ನೊಂದು ಸಲ ಚುಚ್ಚಿದರು. ಅದು ಇನ್ನೂ ಹೆಚ್ಚು ದಿನ ಹಿಡಿಯಿತು. ಮೂರನೆಯ ವಾರ ಮನೆಗೆ ಕಳಿಸಿದರು. ಮನೆಯಲ್ಲೂ ಬೇಗ ದಣಿಯುತ್ತಿದ್ದ, ಮಾತಿನ ಮಧ್ಯೆ ಪದ ಸಿಗದೆ ತಡವರಿಸುತ್ತಿದ್ದ, ಎಷ್ಟೋ ಮಧ್ಯಾಹ್ನ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿರುತ್ತಿದ್ದ. ಅಂಥ ಹೊತ್ತಿನಲ್ಲಿ ಅವಳು ಏನನ್ನೂ ತಿದ್ದಲು ಹೋಗುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ದಿನಕ್ಕೆ ಎರಡು ತಾಸು ಅಂಗಡಿ ತೆರೆಯಲು ಒಪ್ಪಿಗೆ ಸಿಕ್ಕಿತು, ಒಬ್ಬನೇ ಕೂರಬಾರದು ಎಂಬ ಷರತ್ತಿನ ಮೇಲೆ. ಅವಳು ತನ್ನ ಕರಡುಗಳನ್ನು ತಂದು ಕೌಂಟರಿನ ಒಂದು ಮೂಲೆಯಲ್ಲಿ ಹರವಿಕೊಂಡಳು. ಒಂದು ದಿನ ಅವನ ಕೈ ಸೋತಾಗ, "ಕೊಡಿ ಇಲ್ಲಿ, ಇದೇನು ಬ್ರಹ್ಮವಿದ್ಯೆನಾ?" ಎಂದು ಕೊರೆಯುವ ಯಂತ್ರದ ಮುಂದೆ ತಾನೇ ಕುಳಿತಳು. ಕಣ್ಣು ಕಿರಿದು ಮಾಡಿ, ಮಾದರಿ ಕೀಲಿಯ ಹಲ್ಲು ಹಲ್ಲನ್ನೂ ಅಳೆದು, ಮುಕ್ಕಾಲು ಗಂಟೆ ತೆಗೆದುಕೊಂಡು ಒಂದು ಬೀಗದ ಕೈ ಕೊರೆದಳು. ಗಿರಾಕಿ ಅದನ್ನು ಬೀಗಕ್ಕೆ ತೂರಿಸಿದ. ಒಳಗೆ ಹೋಯಿತು. ತಿರುಗಲಿಲ್ಲ. ಹೊರಗೂ ಬರಲಿಲ್ಲ.

ಗಿರಾಕಿ ಅವಳ ಮುಖ ನೋಡಿದ. ಅವಳು ಬೀಗದ ಮುಖ ನೋಡಿದಳು. ಬುರುಡೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಸ್ಟೂಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗತೊಡಗಿದ. ಅವಳು ಯಂತ್ರ ಬಿಟ್ಟು ಎದ್ದು ಬಂದಳು.

"ಏನಾಯ್ತು ರೀ? ಮತ್ತೆ ನೋವಾ?"

"ನಗಿಸ್ಬೇಡ ಕಣೇ," ಎಂದ ಅವನು ಕಣ್ಣೀರು ಒರೆಸಿಕೊಳ್ಳುತ್ತ. "ನಕ್ಕರೆ ಒಂಚೂರು ನೋಯುತ್ತೆ."